ಎರಡು ಡಿಸ್ಕಿನ ಸಂಸಾರ

ಬೆಂಗಳೂರಿನ ಉತ್ತರ ಭಾಗದಲ್ಲಿ ಹಳೇ ಲ್ಯಾಪ್‌ಟಾಪುಗಳಿಗೆ ಬರವಿಲ್ಲ. ಹೆಬ್ಬಾಳದ ಹತ್ತಿರದ ಮಾನ್ಯತಾ ಟೆಕ್ ಪಾರ್ಕಿನಂಥ ಕಡೆ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಯಂತ್ರ ಬದಲಿಸುವುದು ವಾಡಿಕೆ. ಅಂಥ ಕಚೇರಿಗಳು ಬಿಟ್ಟುಕೊಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಕೈಯಿಂದ ಕೈಗೆ ದಾಟಿ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬರುತ್ತವೆ. ಅಲ್ಲಿಂದ ಯಲಹಂಕದ ಸುತ್ತಲಿನ ಕಾಲೇಜು ಹುಡುಗರ ಬ್ಯಾಗಿಗೆ, ಆರ್.ಟಿ. ನಗರದ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳ ಮೇಜಿಗೆ, ಯಶವಂತಪುರದ ಎಪಿಎಂಸಿ ಯಾರ್ಡಿನ ಮಂಡಿಗಳಲ್ಲಿ ಲೆಕ್ಕ ಬರೆಯುವವರ ಕೈಗೆ ಹೋಗುತ್ತವೆ. ಹತ್ತು ಹನ್ನೆರಡು ವರ್ಷ ಹಳತಾದ ಈ ಯಂತ್ರಗಳು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದಾಗ ಕೇಳಿಬರುವ ಬೇಡಿಕೆ ಬಹುಪಾಲು ಒಂದೇ: ಜಾಗ ಸಾಲುತ್ತಿಲ್ಲ, ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿಕೊಡಿ. ಹಾಕಿಕೊಡುವುದು ಅರ್ಧ ಗಂಟೆಯ ಕೆಲಸ. ಆದರೆ ಎರಡನೇ ಡಿಸ್ಕ್ ಬೇಕು ಎನ್ನುವವರು ಕೊಡುವ ಕಾರಣ ತಪ್ಪು ಎಂಬುದು ಈ ಲೇಖನದ ವಾದ. ಹಳೇ ಲ್ಯಾಪ್‌ಟಾಪಿನ ಕಾಯಿಲೆ ಜಾಗದ ಕೊರತೆಯಲ್ಲ. ಯಂತ್ರವನ್ನು ಓಡಿಸುವ ವ್ಯವಸ್ಥೆಯೂ ನಿಮ್ಮ ಬದುಕಿನ ಕಡತಗಳೂ ಒಂದೇ ನಿಧಾನದ ತಟ್ಟೆಯ ಮೇಲೆ ಕಲಸಿಹೋಗಿರುವುದೇ ಕಾಯಿಲೆ. ಎರಡನ್ನೂ ಬೇರೆಬೇರೆ ಮನೆ ಮಾಡಿ ಇರಿಸಿದರೆ ಯಂತ್ರಕ್ಕೆ ಇನ್ನೂ ನಾಲ್ಕೈದು ವರ್ಷದ ಆಯುಸ್ಸಿದೆ. ಬರೀ ಜಾಗ ಹೆಚ್ಚಿಸಿದರೆ, ಇನ್ನಷ್ಟು ತುಂಬಿದ ಅದೇ ನಿಧಾನದ ಯಂತ್ರ ಕೈಯಲ್ಲುಳಿಯುತ್ತದೆ.

ನಿಧಾನ ಎಲ್ಲಿಂದ ಬರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಹಳೇ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿರುವುದು ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್. ಒಂದು ಸುತ್ತಿಗೆ 11 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಐದೂವರೆ ಮಿಲಿಸೆಕೆಂಡು ಕಾಯಬೇಕು. ಅದಕ್ಕೂ ಮೊದಲು ತಲೆ ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಬೇಕು. ಅದಕ್ಕೆ ಸುಮಾರು 12 ಮಿಲಿಸೆಕೆಂಡು. ಕೂಡಿದರೆ ಒಂದು ಓದಿಗೆ ಹದಿನೇಳು ಮಿಲಿಸೆಕೆಂಡಿನ ಆಸುಪಾಸು, ಸೆಕೆಂಡಿಗೆ ಅರವತ್ತು ಓದು. ವಿಂಡೋಸ್ ಏಳುವಾಗ, ಬ್ರೌಸರ್ ತೆರೆಯುವಾಗ ಬೇಕಾಗುವುದು ಅಲ್ಲೊಂದು ಇಲ್ಲೊಂದು ಚದುರಿಬಿದ್ದ ಸಾವಿರಾರು ಚಿಕ್ಕ ತುಣುಕುಗಳು. ಸೆಕೆಂಡಿಗೆ ಅರವತ್ತರಂತೆ ಅವನ್ನು ಹೆಕ್ಕಿ ತರುವಷ್ಟರಲ್ಲಿ ಪ್ರೊಸೆಸರ್ ಕೈಕಟ್ಟಿ ಕೂತಿರುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಇದೇ ಕೆಲಸಕ್ಕೆ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಆದರೆ ಉದ್ದಕ್ಕೆ ಒಂದೇ ಸಾಲಿನಲ್ಲಿರುವ ದೊಡ್ಡ ಕಡತವನ್ನು, ಉದಾಹರಣೆಗೆ ಮದುವೆಯ ವಿಡಿಯೋವನ್ನು, ಓದುವಾಗ ಅದೇ ಹಳೇ ಡಿಸ್ಕ್ ಸೆಕೆಂಡಿಗೆ 100 ಮೆಗಾಬೈಟಿನ ಸುತ್ತಮುತ್ತ ಕೊಡುತ್ತದೆ. ಸಿನಿಮಾ ನೋಡಲು ಅದರ ಹತ್ತನೇ ಒಂದು ಪಾಲೂ ಬೇಡ. ಅಂದಮೇಲೆ ಹಳೇ ಡಿಸ್ಕ್ ಕೆಟ್ಟದ್ದು ಎನ್ನುವುದು ಪೂರ್ತಿ ನಿಜವಲ್ಲ. ಅದಕ್ಕೆ ಕೊಟ್ಟ ಕೆಲಸ ಅದರದ್ದಲ್ಲ. ಚಿಕ್ಕ ತುಣುಕುಗಳ ಓಡಾಟ ಎಸ್‌ಎಸ್‌ಡಿಗೆ, ದೊಡ್ಡ ಕಡತಗಳ ಕಾವಲು ಹಳೇ ಡಿಸ್ಕಿಗೆ ಎಂಬ ಹಂಚಿಕೆ ಈ ಲೆಕ್ಕದಿಂದಲೇ ಹುಟ್ಟುತ್ತದೆ.

ಹಾಗಾದರೆ ಎರಡನ್ನೂ ಎಲ್ಲಿ ಕೂರಿಸುವುದು? 2008ರಿಂದ 2016ರವರೆಗಿನ ಬಹುಪಾಲು ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಡಿವಿಡಿ ಡ್ರೈವ್ ಇದೆ. ವರ್ಷಗಳಿಂದ ಅದರ ಬಾಯಿ ತೆರೆದಿರುವುದಿಲ್ಲ. ಅದನ್ನು ಎಳೆದು ತೆಗೆದರೆ ಉಳಿಯುವ ಖಾಲಿ ಗೂಡಿಗೆ ‘ಕ್ಯಾಡಿ’ ಎಂಬ ಚೌಕಟ್ಟು ಸಿಗುತ್ತದೆ, ಬೆಲೆ ಕೆಲವು ನೂರು ರೂಪಾಯಿ. ಡಿವಿಡಿ ಡ್ರೈವಿನ ಕನೆಕ್ಟರ್ ಹಾರ್ಡ್ ಡಿಸ್ಕಿನದಕ್ಕಿಂತ ಚಿಕ್ಕದು. ಎರಡರ ನಡುವೆ ಹೊಂದಿಸಿಕೊಡುವುದಷ್ಟೇ ಕ್ಯಾಡಿಯ ಕೆಲಸ. ಡಿವಿಡಿ ಗೂಡಿಗೆ ಬರುವುದು 5 ವೋಲ್ಟ್, ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ ಬೇಕಾದದ್ದೂ ಅಷ್ಟೇ. ಕೊಳ್ಳುವಾಗ ಎಡವುವುದು ದಪ್ಪದಲ್ಲಿ. ಕ್ಯಾಡಿಗಳು 12.7 ಮಿಲಿಮೀಟರ್ ಮತ್ತು 9.5 ಮಿಲಿಮೀಟರ್ ಎಂಬ ಎರಡು ಅಳತೆಯಲ್ಲಿ ಬರುತ್ತವೆ, ಒಂದರ ಗೂಡಿಗೆ ಇನ್ನೊಂದು ಕೂರುವುದಿಲ್ಲ. ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್.ಪಿ. ರಸ್ತೆಗೆ ಹೋಗುವ ಮೊದಲೇ ಡಿವಿಡಿ ಡ್ರೈವ್ ಬಿಚ್ಚಿ ಸ್ಕೇಲಿನಿಂದ ಅಳೆದುಕೊಂಡರೆ ಯಶವಂತಪುರದಿಂದ ಮಾರುಕಟ್ಟೆಗೆ ಎರಡನೇ ಸಲದ ಮೆಟ್ರೋ ಖರ್ಚು ಉಳಿಯುತ್ತದೆ. ಡಿವಿಡಿ ಡ್ರೈವಿನ ಮುಂಭಾಗದ ಪ್ಲಾಸ್ಟಿಕ್ ಮುಚ್ಚಳವನ್ನೂ ಹಿಂದಿನ ಚಿಕ್ಕ ಲೋಹದ ಕಿವಿಯನ್ನೂ ಬಿಚ್ಚಿ ಕ್ಯಾಡಿಗೆ ಹಾಕಬೇಕು. ಇಲ್ಲದಿದ್ದರೆ ಗೂಡಿನ ಬಾಯಿ ಬೋಳಾಗಿ ಕಾಣುವುದಲ್ಲದೆ ಕ್ಯಾಡಿ ಸಡಿಲವಾಗಿ ಅಲುಗಾಡುತ್ತದೆ. 2008ಕ್ಕಿಂತ ಹಿಂದಿನ ಹಲವು ಯಂತ್ರಗಳಲ್ಲಿ ಡಿವಿಡಿ ಗೂಡಿಗೆ ಐಡಿಇ ಎಂಬ ಹಳೇ ಸಂಪರ್ಕವಿತ್ತು. ಅವಕ್ಕೂ ಕ್ಯಾಡಿ ಉಂಟು, ಆದರೆ ಆ ಕಾಲದ ಯಂತ್ರದ ಮೇಲೆ ಹಣ ಹಾಕುವುದು ವ್ಯರ್ಥ. ಇನ್ನು ಥಿಂಕ್‌ಪ್ಯಾಡ್ ಟಿ420, ಟಿ430ಯಂಥ ಕೆಲವು ಮಾದರಿಗಳ ಹೊಟ್ಟೆಯಲ್ಲಿ ಎಂಸಾಟಾ ಎಂಬ ಚಿಕ್ಕ ಕಿಂಡಿಯಿದೆ. ಮೊಬೈಲ್ ಸಿಮ್ ಮೋಡೆಮ್‌ಗೆಂದು ಬಿಟ್ಟ ಜಾಗವದು. ಬೆರಳುದ್ದದ ಎಸ್‌ಎಸ್‌ಡಿಯನ್ನು ಅಲ್ಲಿ ಕೂರಿಸಿದರೆ ಡಿವಿಡಿ ಡ್ರೈವನ್ನೂ ಕಳೆದುಕೊಳ್ಳಬೇಕಿಲ್ಲ.

ಹೊಸದಾಗಿ ತಂದ ಡಿಸ್ಕನ್ನು ಹೊಸ ಗೂಡಿಗೆ ಹಾಕುವುದೇ ಸಹಜ ಅನಿಸುತ್ತದೆ. ಆಗಬೇಕಾದ್ದು ಇದಕ್ಕೆ ತಿರುಗುಮುರುಗು. 2011, 2012ರ ಹಲವು ಲ್ಯಾಪ್‌ಟಾಪುಗಳಲ್ಲಿದ್ದ ಇಂಟೆಲ್‌ನ ಎಚ್‌ಎಂ65, ಎಚ್‌ಎಂ76 ಚಿಪ್‌ಸೆಟ್‌ಗಳಲ್ಲಿ ಡಿಸ್ಕ್ ಜೋಡಿಸುವ ಸಾಟಾ ಸಂಪರ್ಕಗಳು ಹಲವಿದ್ದರೂ ಸೆಕೆಂಡಿಗೆ 6 ಗಿಗಾಬಿಟ್ ವೇಗ ಇರುವುದು ಎರಡಕ್ಕೆ ಮಾತ್ರ, ಉಳಿದವು 3 ಗಿಗಾಬಿಟ್ಟಿನವು. ತಯಾರಕರು ವೇಗದ ಸಂಪರ್ಕವನ್ನು ಮುಖ್ಯ ಡಿಸ್ಕಿಗೆ ಕೊಟ್ಟು, ಡಿವಿಡಿಗೆ ನಿಧಾನದ್ದನ್ನು ಜೋಡಿಸಿರುವುದೇ ಹೆಚ್ಚು. ಸೆಕೆಂಡಿಗೆ 500 ಮೆಗಾಬೈಟ್ ಓಡಬಲ್ಲ ಎಸ್‌ಎಸ್‌ಡಿಯನ್ನು ಡಿವಿಡಿ ಗೂಡಿಗೆ ಹಾಕಿದರೆ ಅಂಥ ಯಂತ್ರದಲ್ಲಿ ಅದು ಮುನ್ನೂರರ ಒಳಗೇ ನಿಲ್ಲುತ್ತದೆ. ನೂರರ ಸುತ್ತ ಓಡುವ ಹಳೇ ಡಿಸ್ಕಿಗೆ ಆ ನಿಧಾನದ ಸಂಪರ್ಕವೇ ಧಾರಾಳ. ಅಲ್ಲದೆ ಕ್ಯಾಡಿಯಲ್ಲಿರುವ ಡಿಸ್ಕಿನಿಂದ ಯಂತ್ರ ಏಳುವುದಕ್ಕೆ ಕೆಲವು ಬಯಾಸ್‌ಗಳು, ಅಂದರೆ ಯಂತ್ರವನ್ನು ಮೊದಲು ಎಬ್ಬಿಸುವ ಒಳತಂತ್ರಾಂಶಗಳು, ಒಪ್ಪುವುದಿಲ್ಲ. ಆದ್ದರಿಂದ ಹೊಸ ಎಸ್‌ಎಸ್‌ಡಿ ಮುಖ್ಯ ಗೂಡಿಗೆ, ಅಲ್ಲಿದ್ದ ಹಳೇ ಡಿಸ್ಕ್ ಡಿವಿಡಿ ಗೂಡಿಗೆ. ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಮುಖ್ಯ ಗೂಡಿನಲ್ಲಿ ಡಿಸ್ಕಿನ ಸುತ್ತ ರಬ್ಬರಿನ ದಿಂಬಿರುತ್ತದೆ. ಕಚೇರಿ ದರ್ಜೆಯ ಯಂತ್ರಗಳಲ್ಲಿ ಕುಲುಕಾಟ ಗುರುತಿಸಿ ಡಿಸ್ಕಿನ ತಲೆಯನ್ನು ಪಕ್ಕಕ್ಕೆ ಸರಿಸುವ ಏರ್ಪಾಡೂ ಇರುತ್ತದೆ. ಪೆಟ್ಟಿಗೆ ಅಂಜುವ, ತಿರುಗುವ ಡಿಸ್ಕನ್ನೇ ರಕ್ಷಣೆಯಿಲ್ಲದ ಕಡೆಗೆ ಕಳಿಸುವುದು ಸರಿಯೇ? ತಿರುಗುತ್ತಿರುವಾಗ ಡಿಸ್ಕ್ ತಾಳಿಕೊಳ್ಳುವ ಪೆಟ್ಟು, ನಿಂತಾಗ ತಾಳಿಕೊಳ್ಳುವುದರ ಅರ್ಧಕ್ಕಿಂತ ಕಡಿಮೆ ಎಂಬುದು ನಿಜ. ಆದರೆ ವ್ಯವಸ್ಥೆ ಎಸ್‌ಎಸ್‌ಡಿಯ ಮೇಲಿದ್ದರೆ ಹಳೇ ಡಿಸ್ಕ್ ಸದಾ ತಿರುಗಬೇಕಾದ ಅಗತ್ಯವೇ ಇಲ್ಲ. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಐದು ಹತ್ತು ನಿಮಿಷ ಬಳಸದಿದ್ದರೆ ಡಿಸ್ಕ್ ನಿಲ್ಲಲಿ ಎಂದು ಹೇಳಿಟ್ಟರೆ ದಿನದ ಬಹುಪಾಲು ಅದು ಮಲಗಿಯೇ ಇರುತ್ತದೆ. ಸದ್ದಿಲ್ಲ, ಬಿಸಿಯಿಲ್ಲ, ಬ್ಯಾಟರಿಗೂ ಕೊಂಚ ಉಳಿತಾಯ. ಮುಚ್ಚಳ ಮುಚ್ಚಿದ ಗಳಿಗೆಯಲ್ಲೇ ಬ್ಯಾಗಿಗೆ ತುರುಕಿ ಸ್ಕೂಟರ್ ಏರಿ ಹೆಬ್ಬಾಳದ ಫ್ಲೈಓವರ್ ಕಡೆ ಹೊರಡುವವರು ಮಾತ್ರ, ಯಂತ್ರ ನಿಜವಾಗಿ ನಿದ್ದೆಗೆ ಜಾರಿದೆಯೇ ಎಂದು ದೀಪ ನೋಡಿ ಹೊರಡುವುದು ಒಳ್ಳೆಯದು.

ಈ ಕೆಲಸದಲ್ಲಿ ಅತಿ ಹೆಚ್ಚು ಜನ ಕಾಲು ಜಾರುವ ಜಾಗ ಸ್ಕ್ರೂಡ್ರೈವರಿನದಲ್ಲ, ವಿಂಡೋಸನ್ನು ಹಾಕುವ ಗಳಿಗೆಯದು. ಎರಡೂ ಡಿಸ್ಕ್ ಒಳಗಿರುವಾಗಲೇ ಹೊಸ ಎಸ್‌ಎಸ್‌ಡಿಗೆ ವ್ಯವಸ್ಥೆಯನ್ನು ಹಾಕಿದರೆ, ಇನ್‌ಸ್ಟಾಲರ್ ಎಷ್ಟೋ ಸಲ ಯಂತ್ರವನ್ನು ಎಬ್ಬಿಸುವ ಚಿಕ್ಕ ಕಡತಗಳನ್ನು ಹಳೇ ಡಿಸ್ಕಿನಲ್ಲಿರುವ ಪಾರ್ಟಿಷನ್ನಿಗೇ ಬರೆದುಬಿಡುತ್ತದೆ. ಎಲ್ಲ ಸರಿಯಾಗಿದ್ದಂತೆ ಕಾಣುತ್ತದೆ. ಆರು ತಿಂಗಳ ಮೇಲೆ ಹಳೇ ಡಿಸ್ಕ್ ಕೆಟ್ಟಿತು ಅಥವಾ ಫಾರ್ಮ್ಯಾಟ್ ಮಾಡಿದಿರಿ ಎಂದುಕೊಳ್ಳಿ, ಹೊಸ ಎಸ್‌ಎಸ್‌ಡಿ ಗಟ್ಟಿಮುಟ್ಟಾಗಿದ್ದರೂ ಯಂತ್ರ ಏಳುವುದಿಲ್ಲ. ಇನ್ನೊಂದು ತಪ್ಪು ಹಳೇ ಡಿಸ್ಕಿನ ಪಡಿಯಚ್ಚು ತೆಗೆಯುವವರದು. ಕ್ಲೋನ್ ಮಾಡಿದ ಮೇಲೆ ಎರಡು ಡಿಸ್ಕಿಗೂ ಒಂದೇ ಗುರುತಿನ ಸಂಖ್ಯೆ ಇರುತ್ತದೆ. ಎರಡನ್ನೂ ಒಟ್ಟಿಗೆ ಕಂಡ ವಿಂಡೋಸ್ ಒಂದನ್ನು ಹೊರಗಿಡುತ್ತದೆ, ಇಲ್ಲವೇ ಹಳೆಯದರಿಂದಲೇ ಎದ್ದು ಕೂರುತ್ತದೆ. ಆಮೇಲೆ ‘ಎಸ್‌ಎಸ್‌ಡಿ ಹಾಕಿಸಿದರೂ ಅಷ್ಟೇ ನಿಧಾನ’ ಎಂಬ ದೂರು. ಎರಡಕ್ಕೂ ಮದ್ದು ಒಂದೇ: ವ್ಯವಸ್ಥೆ ಹಾಕುವಾಗ ಒಳಗೆ ಎಸ್‌ಎಸ್‌ಡಿ ಒಂದೇ ಇರಲಿ. ಅದು ತಾನೇ ತಾನಾಗಿ ಎದ್ದು, ಎರಡು ಮೂರು ಸಲ ಮಲಗಿ ಎದ್ದ ಮೇಲೆ ಹಳೇ ಡಿಸ್ಕ್ ಇರುವ ಕ್ಯಾಡಿಯನ್ನು ತಳ್ಳಿ, ಬಯಾಸ್‌ನಲ್ಲಿ ಮೊದಲು ಎಸ್‌ಎಸ್‌ಡಿಯನ್ನೇ ನೋಡುವಂತೆ ಕ್ರಮ ಹಚ್ಚಿ. ಬಯಾಸ್ ತೆರೆದಾಗ ಸಾಟಾ ವಿಧಾನ ‘ಎಎಚ್‌ಸಿಐ’ ಇದೆಯೇ ಎಂದೂ ನೋಡಿಕೊಳ್ಳಬೇಕು. ಅದನ್ನು ವ್ಯವಸ್ಥೆ ಹಾಕುವ ಮೊದಲೇ ಸರಿಮಾಡಬೇಕು, ಆಮೇಲೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡಬಹುದು.

ಎರಡನೆಯದಾಗಿ ಹಾಕುತ್ತಿರುವುದು ಅಂಗಡಿಯಿಂದ ಈಗ ತಾನೇ ತಂದ ಡಿಸ್ಕಾದರೆ ಅದು ಮೊದಲಿಗೆ ಕಾಣಿಸಿಕೊಳ್ಳುವುದೇ ಇಲ್ಲ. ‘ಮೈ ಕಂಪ್ಯೂಟರ್’ ತೆರೆದು ಡಿ ಡ್ರೈವ್ ಹುಡುಕಿ, ಕಾಣದೆ, ಡಿಸ್ಕ್ ಸತ್ತಿದೆ ಎಂದು ವಾಪಸ್ ಒಯ್ಯುವವರುಂಟು. ಖಾಲಿ ಡಿಸ್ಕಿಗೆ ಪಾರ್ಟಿಷನ್ ಪಟ್ಟಿ ಇರುವುದಿಲ್ಲ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಅದು ಎಂಬಿಆರ್ ಬೇಕೋ ಜಿಪಿಟಿ ಬೇಕೋ ಎಂದು ಕೇಳುತ್ತದೆ. ಎಂಬಿಆರ್ ಎಂಬ ಹಳೇ ಪದ್ಧತಿ ಎರಡು ಟೆರಾಬೈಟಿನಾಚೆಗೆ ಎಣಿಸಲಾರದು, ಮೇಲಾಗಿ ಕಡತ ಇಡುವ ಡಿಸ್ಕಿನಿಂದ ಯಂತ್ರ ಏಳಬೇಕಿಲ್ಲವಾದ್ದರಿಂದ ಹಳೇ ಬಯಾಸ್ ಇದ್ದರೂ ಜಿಪಿಟಿಯೇ ಇರಲಿ. ಆಮೇಲೆ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿ, ಅಕ್ಷರ ಕೊಟ್ಟರೆ ಮುಗಿಯಿತು. 500 ಜಿಬಿ ಎಂದು ಬರೆದ ಡಿಸ್ಕ್ 465 ಜಿಬಿ ಎಂದು ತೋರಿಸಿದಾಗ ಅಂಗಡಿಯವನ ಮೇಲೆ ಅನುಮಾನ ಪಡಬೇಕಾಗಿಲ್ಲ. ತಯಾರಕರು ಗಿಗಾಬೈಟನ್ನು ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಘಾತದಲ್ಲಿ ಎಣಿಸುತ್ತದೆ. ಬೈಟುಗಳು ಅಷ್ಟೇ ಇವೆ.

ಹಂಚಿಕೆ ನಿಜಕ್ಕೂ ಜಾರಿಗೆ ಬರುವುದು ಇದರ ಮುಂದಿನ ಹೆಜ್ಜೆಯಲ್ಲಿ, ಮತ್ತು ಅಂಗಡಿಯವರು ಇದನ್ನು ಮಾಡಿಕೊಡುವುದು ಅಪರೂಪ. ವಿಂಡೋಸಿನಲ್ಲಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರುಗಳ ಪ್ರಾಪರ್ಟೀಸ್ ತೆರೆದರೆ ‘ಲೊಕೇಶನ್’ ಎಂಬ ಪುಟವಿದೆ. ಅಲ್ಲಿಂದ ಅವನ್ನು ಡಿ ಡ್ರೈವಿಗೆ ಸರಿಸಬಹುದು. ಇಷ್ಟು ಮಾಡದಿದ್ದರೆ ಕಡತಗಳೆಲ್ಲ ಸಿ ಡ್ರೈವಿಗೇ ಬೀಳುತ್ತಾ ಹೋಗುತ್ತವೆ. ವರ್ಷದೊಳಗೆ ಎಸ್‌ಎಸ್‌ಡಿ ತುಂಬಿರುತ್ತದೆ, ದೊಡ್ಡ ಡಿಸ್ಕ್ ಖಾಲಿ ಹೊಡೆಯುತ್ತಿರುತ್ತದೆ. ಟ್ಯಾಲಿ ಬಳಸುವ ಮಂಡಿಯವರು ಇನ್ನೂ ಒಂದು ಹೆಜ್ಜೆ ಹೋಗಬೇಕು. ಆ ತಂತ್ರಾಂಶ ತನ್ನಷ್ಟಕ್ಕೆ ಬಿಟ್ಟರೆ ಲೆಕ್ಕದ ದತ್ತಾಂಶವನ್ನು ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರಿಸುತ್ತದೆ. ಫೋಲ್ಡರನ್ನು ಡಿ ಡ್ರೈವಿಗೆ ಸರಿಸಿ ಹೊಸ ವಿಳಾಸವನ್ನು ಟ್ಯಾಲಿಗೆ ತೋರಿಸಿಕೊಡಬೇಕು. ಕನ್ನಡ ಡಿಟಿಪಿ ಅಂಗಡಿಗಳ ಪಾಡು ಇನ್ನಷ್ಟು ಸೂಕ್ಷ್ಮ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಇವುಗಳ ಯೂನಿಕೋಡ್‌ಪೂರ್ವ ಫಾಂಟುಗಳಲ್ಲಿ ಮಾಡಿಟ್ಟ ಲಗ್ನಪತ್ರಿಕೆಗಳು, ಕರಾರುಪತ್ರಗಳು, ಸ್ಮರಣ ಸಂಚಿಕೆಗಳು ಹಳೇ ಡಿಸ್ಕಿನಲ್ಲಿ ಸಾವಿರಗಟ್ಟಲೆ ಇರುತ್ತವೆ. ಕಡತಗಳು ಡಿ ಡ್ರೈವಿನಲ್ಲಿ ಸುರಕ್ಷಿತವಾಗಿದ್ದರೂ ಅವನ್ನು ಕನ್ನಡವಾಗಿ ತೋರಿಸುವ ಫಾಂಟುಗಳು ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ. ವ್ಯವಸ್ಥೆ ಅಳಿಸಿದ ದಿನ ಅವೂ ಹೋಗುತ್ತವೆ, ತೆರೆದ ಕಡತದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟುಗಳ ಒಂದು ಪ್ರತಿಯನ್ನು ಡಿ ಡ್ರೈವಿನಲ್ಲಿ ಕಡತಗಳ ಪಕ್ಕದಲ್ಲೇ ಇಡಬೇಕು. ಕಡತ ಎಂದರೆ ಅದನ್ನು ಓದಿಸುವ ಸಾಧನವೂ ಸೇರಿಯೇ ಕಡತ.

ಇಷ್ಟೆಲ್ಲ ಬೇರ್ಪಡಿಕೆಯ ಪೂರ್ತಿ ಲಾಭ ಈಗ ಕಾಣುವ ಕಾಲ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು; ಮನೆಬಳಕೆಯವರಿಗೆ ಒಂದು ವರ್ಷದ ಹೆಚ್ಚುವರಿ ಸುರಕ್ಷಾ ಅಪ್‌ಡೇಟ್ ಮಾತ್ರ ಎಂದಿತು. ವಿಂಡೋಸ್ 11ಕ್ಕೆ ಇಂಟೆಲ್‌ನದಾದರೆ ಎಂಟನೇ ಇಲ್ಲವೇ ಈಚಿನ ತಲೆಮಾರಿನ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷಾ ಏರ್ಪಾಡು ಬೇಕು. ಎಂಟನೇ ತಲೆಮಾರು ಬಂದದ್ದು 2017ರಲ್ಲಿ, ಲ್ಯಾಪ್‌ಟಾಪುಗಳಿಂದ ಡಿವಿಡಿ ಡ್ರೈವ್ ಮಾಯವಾಗುತ್ತಿದ್ದದ್ದೂ ಅದೇ ಕಾಲದಲ್ಲಿ. ಹಾಗಾಗಿ ಪಕ್ಕದಲ್ಲಿ ಡಿವಿಡಿ ಗೂಡಿರುವ ಯಂತ್ರವೆಂದರೆ ಬಹುಮಟ್ಟಿಗೆ ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರ. ಅದರ ಮುಂದಿನ ದಾರಿ ಉಬುಂಟು, ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ. ಜನ ಅದಕ್ಕೆ ಹಿಂಜರಿಯುವುದು ಲಿನಕ್ಸ್ ಕಷ್ಟವೆಂಬುದಕ್ಕಿಂತ ಹೆಚ್ಚಾಗಿ, ಡಿಸ್ಕ್ ಅಳಿಸಿದರೆ ಫೋಟೋಗಳು ಹೋದಾವು ಎಂಬ ಭಯದಿಂದ. ಕಡತಗಳು ಇನ್ನೊಂದು ಡಿಸ್ಕಿನಲ್ಲಿದ್ದರೆ ಆ ಭಯಕ್ಕೆ ಆಧಾರವಿಲ್ಲ. ಕ್ಯಾಡಿಯನ್ನು ಹೊರಗೆಳೆದಿಡಿ, ಎಸ್‌ಎಸ್‌ಡಿಯನ್ನು ಅಳಿಸಿ ಲಿನಕ್ಸ್ ಹಾಕಿ, ಹಿಡಿಸದಿದ್ದರೆ ಮತ್ತೆ ಅಳಿಸಿ. ಇಲ್ಲಿ ಎರಡು ಸಣ್ಣ ಎಚ್ಚರಿಕೆಗಳಿವೆ. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಅದು ಎನ್‌ಟಿಎಫ್‌ಎಸ್ ಡಿಸ್ಕನ್ನು ಅರ್ಧನಿದ್ದೆಯಲ್ಲಿ ಬಿಟ್ಟಿರುತ್ತದೆ, ಲಿನಕ್ಸ್ ಅದಕ್ಕೆ ಬರೆಯಲು ಒಪ್ಪುವುದಿಲ್ಲ, ಫಾಸ್ಟ್ ಸ್ಟಾರ್ಟಪನ್ನು ಮೊದಲೇ ನಿಲ್ಲಿಸಿಡಬೇಕು. ಇನ್ನು ಲಿನಕ್ಸಿನಲ್ಲಿ ಎರಡನೇ ಡಿಸ್ಕ್ ತಾನಾಗಿ ತೆರೆದುಕೊಳ್ಳಲಿ ಎಂದು ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಬರೆಯುವಾಗ ಡಿಸ್ಕಿನ ಯುಯುಐಡಿ ಸಂಖ್ಯೆಯನ್ನೇ ಬಳಸಿ, ‘ನೋಫೇಲ್’ ಎಂಬ ಮಾತನ್ನು ಸೇರಿಸಬೇಕು. ಅದಿಲ್ಲದಿದ್ದರೆ ಕ್ಯಾಡಿ ಹೊರಗಿದ್ದ ದಿನ ಯಂತ್ರ ಒಂದೂವರೆ ನಿಮಿಷ ಕಾದು, ಕಪ್ಪು ಪರದೆಯ ತುರ್ತು ಸ್ಥಿತಿಗೆ ಬಿದ್ದುಬಿಡುತ್ತದೆ. ಕೀಲಿಮಣೆ ಏನಾದೀತು ಎಂಬ ಚಿಂತೆ ಕನ್ನಡಿಗರಿಗೆ ಬೇಡ. ಕೆ.ಪಿ. ರಾವ್ ರೂಪಿಸಿದ, ನುಡಿಯ ಮೂಲಕ ಮನೆಮಾತಾದ ವಿನ್ಯಾಸ ಲಿನಕ್ಸಿನಲ್ಲೂ ಕೆಜಿಪಿ ಹೆಸರಿನಲ್ಲಿ ಸಿಗುತ್ತದೆ.

ಇಷ್ಟು ತಾಪತ್ರಯ ಯಾಕೆ, ಹಳೆಯದನ್ನು ತೆಗೆದು ಒಂದು ಟೆರಾಬೈಟಿನ ದೊಡ್ಡ ಎಸ್‌ಎಸ್‌ಡಿ ಹಾಕಿದರಾಯಿತಲ್ಲ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಣವಿದ್ದರೆ ಅದು ಅಚ್ಚುಕಟ್ಟು. ಯಂತ್ರ ಹಗುರವಾಗುತ್ತದೆ, ಬಿಸಿ ಕಡಿಮೆ. ಆದರೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರಿಗೆ ಆ ಎಸ್‌ಎಸ್‌ಡಿಯ ಬೆಲೆ ಯಂತ್ರದ ಬೆಲೆಯ ದೊಡ್ಡ ಪಾಲಾದೀತು. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರಿರುವುದರಿಂದ ಈ ಅಂತರ ಇನ್ನೂ ಹಿಗ್ಗಿದೆ. ವ್ಯವಸ್ಥೆಗೆ 256 ಜಿಬಿ ಸಾಲುವಾಗ, ಹೇಗೂ ಕೈಯಲ್ಲಿರುವ 500 ಜಿಬಿ ಡಿಸ್ಕನ್ನು ಎಸೆದು ಅಷ್ಟೇ ಜಾಗವನ್ನು ದುಬಾರಿ ಚಿಪ್ಪಿನಲ್ಲಿ ಕೊಳ್ಳುವುದು ಲೆಕ್ಕಕ್ಕೆ ಕೂಡುವುದಿಲ್ಲ. ದೊಡ್ಡ ಎಸ್‌ಎಸ್‌ಡಿ ಕೊಂಡವರು ಅದೊಂದರಲ್ಲೇ ಎರಡು ಪಾರ್ಟಿಷನ್ ಮಾಡಿ ಬೇರ್ಪಡಿಸಬಹುದು ನಿಜ, ಆದರೆ ಡಿಸ್ಕ್ ಸತ್ತರೆ ಎರಡು ಪಾರ್ಟಿಷನ್ನೂ ಒಟ್ಟಿಗೇ ಸಾಯುತ್ತವೆ. ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಎಂಬ ಇನ್ನೊಂದು ಗುಂಪಿನ ಅಂಜಿಕೆಗೆ ಮಾತ್ರ ಆಧಾರ ಕಡಿಮೆ. ಸ್ಯಾಮ್‌ಸಂಗ್ 870 ಇವೊ ಎಂಬ ಸಾಮಾನ್ಯ ಮಾದರಿಯ 250 ಜಿಬಿ ಡಿಸ್ಕಿಗೆ ಕಂಪನಿ ಕೊಡುವ ಖಾತರಿ 150 ಟೆರಾಬೈಟ್ ಬರವಣಿಗೆಯದು. ದಿನಕ್ಕೆ 20 ಜಿಬಿಯಂತೆ ಬರೆದರೂ ಅದು ಇಪ್ಪತ್ತು ವರ್ಷಕ್ಕೆ ಬರುತ್ತದೆ. ಅಷ್ಟರಲ್ಲಿ ಲ್ಯಾಪ್‌ಟಾಪಿನ ಹಿಂಜ್ ಯಾವಾಗಲೋ ಮುರಿದಿರುತ್ತದೆ.

ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಳೇ ಡಿಸ್ಕನ್ನು ಹೊರಗಿಟ್ಟುಕೊಳ್ಳುವುದು ಮೂರನೇ ದಾರಿ. ತಿಂಗಳಿಗೊಮ್ಮೆ ತೆರೆಯುವ ಕಡತಗಳಿಗೆ ಅದು ಸರಿ. ದಿನಾ ಬಳಸುವ ಕಡತಗಳಿಗೆ ತೂಗಾಡುವ ತಂತಿ, ಮರೆತು ಬಿಟ್ಟುಬರುವ ಪೆಟ್ಟಿಗೆ, ಬರೆಯುತ್ತಿರುವಾಗಲೇ ಕಿತ್ತುಬರುವ ಸಂಪರ್ಕ, ಇವುಗಳ ಜೊತೆ ಬಾಳುವುದು ಕಷ್ಟ. ಕ್ಲೌಡ್‌ನಲ್ಲಿ ಇಡಿ ಎನ್ನುವವರಿಗೆ ಉತ್ತರ ಚಿಕ್ಕದು: ಉಚಿತವಾಗಿ ಸಿಗುವ ಜಾಗ ಮುಗಿದ ಮೇಲೆ ಅದು ತಿಂಗಳ ಬಾಡಿಗೆ.

ಇಲ್ಲಿಗೆ ಬಂದಮೇಲೆ ಈ ಎರಡು ಡಿಸ್ಕಿನ ವ್ಯವಸ್ಥೆಯ ಬಗೆಗಿನ ಅತಿ ದೊಡ್ಡ ತಪ್ಪು ನಂಬಿಕೆಯನ್ನು ಎದುರಿಸಲೇಬೇಕು. ಎರಡು ಡಿಸ್ಕ್ ಇವೆ, ಒಂದು ಹೋದರೆ ಇನ್ನೊಂದಿದೆ, ಆದ್ದರಿಂದ ಬ್ಯಾಕಪ್ ಆಯಿತು ಎಂದು ಎಷ್ಟೋ ಜನ ನೆಮ್ಮದಿಯಾಗಿದ್ದಾರೆ. ಹಂಚಿಕೆಯ ಪ್ರಕಾರ ಕಡತಗಳು ಇರುವುದು ಒಂದೇ ಡಿಸ್ಕಿನಲ್ಲಿ, ಅದೂ ಹಳೆಯದರಲ್ಲಿ. ಒಂದು ವೇಳೆ ಎರಡರಲ್ಲೂ ಪ್ರತಿ ಇಟ್ಟರೂ ಎರಡೂ ಒಂದೇ ಬ್ಯಾಗಿನಲ್ಲಿ ಬಿಎಂಟಿಸಿ ಬಸ್ಸಿನಲ್ಲಿ ಹೋಗುತ್ತವೆ. ಕಳ್ಳ ಒಯ್ದರೆ ಎರಡನ್ನೂ ಒಯ್ಯುತ್ತಾನೆ, ಕಾಫಿ ಚೆಲ್ಲಿದರೆ ಎರಡಕ್ಕೂ ಚೆಲ್ಲುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವಾನ್ನಾಕ್ರೈಯಂಥ ಸುಲಿಗೆ ತಂತ್ರಾಂಶ ಸಿ ಡ್ರೈವಿಗೆ ನಿಲ್ಲದೆ, ಕಣ್ಣಿಗೆ ಬಿದ್ದ ಡ್ರೈವನ್ನೆಲ್ಲ ಬೀಗ ಹಾಕುತ್ತಾ ಹೋಗುತ್ತದೆ. ಹಳೇ ಡಿಸ್ಕಿನ ಆರೋಗ್ಯ ನೋಡಿಕೊಂಡರೆ ಸಾಲದೇ ಎಂಬ ಪ್ರಶ್ನೆಗೆ 2007ರಲ್ಲಿ ಗೂಗಲ್ ತನ್ನ ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಪ್ರಕಟಿಸಿದ ಅಧ್ಯಯನ ಎರಡು ಅಲಗಿನ ಉತ್ತರ ಕೊಡುತ್ತದೆ. ಮೊದಲ ಸ್ಕ್ಯಾನ್ ದೋಷ ಕಾಣಿಸಿಕೊಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಹಾಗಾಗಿ ಹಳೇ ಡಿಸ್ಕನ್ನು ಕ್ಯಾಡಿಗೆ ಹಾಕುವ ಮುನ್ನ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡಲೇಬೇಕು. ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಎಂಬ ಸಾಲುಗಳಲ್ಲಿ ಸೊನ್ನೆಯಲ್ಲದೆ ಬೇರೇನಾದರೂ ಇದ್ದರೆ ಆ ಡಿಸ್ಕಿಗೆ ಈ ಕೆಲಸ ಕೊಡಬಾರದು. ಆದರೆ ಅದೇ ಅಧ್ಯಯನದಲ್ಲಿ ಕೆಟ್ಟ ಡಿಸ್ಕುಗಳ ಪೈಕಿ ನೂರಕ್ಕೆ 56ಕ್ಕೂ ಹೆಚ್ಚು, ಸ್ಮಾರ್ಟ್ ವರದಿಯ ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರದೆ ಸತ್ತಿದ್ದವು. ಕೆಟ್ಟ ವರದಿಯನ್ನು ನಂಬಬಹುದು, ಒಳ್ಳೆಯ ವರದಿಯ ಮೇಲೆ ಭಾರ ಹಾಕುವಂತಿಲ್ಲ.

ಅಂದರೆ ಎರಡು ಡಿಸ್ಕಿನ ವ್ಯವಸ್ಥೆಗೆ ಮೂರನೆಯದೊಂದು ಬೇಕೇ ಬೇಕು. ವಾರಕ್ಕೊಮ್ಮೆ ಜೋಡಿಸಿ, ಪ್ರತಿ ತೆಗೆದು, ಕಿತ್ತು ಬೀರುವಿನಲ್ಲಿಡುವ ಒಂದು ಹೊರಗಿನ ಡಿಸ್ಕ್. ಬೇರ್ಪಡಿಕೆಯ ಸೊಗಸು ಇಲ್ಲೂ ನೆರವಿಗೆ ಬರುತ್ತದೆ. ಪ್ರತಿ ತೆಗೆಯಬೇಕಾದದ್ದು ಡಿ ಡ್ರೈವ್ ಮಾತ್ರ, ವಿಂಡೋಸಿನ ಲಕ್ಷಾಂತರ ಕಡತಗಳ ನಡುವೆ ನಿಮ್ಮವು ಯಾವುವು ಎಂದು ಹುಡುಕಬೇಕಿಲ್ಲ. ಸೆಕೆಂಡಿಗೆ 100 ಮೆಗಾಬೈಟಿನಂತೆ ತುಂಬಿದ 500 ಜಿಬಿ ಡಿಸ್ಕಿನ ಪೂರ್ತಿ ಪ್ರತಿಗೆ ಒಂದೂವರೆ ಗಂಟೆಯ ಆಸುಪಾಸು. ಮುಂದಿನ ಸಲದಿಂದ ಬದಲಾದವು ಮಾತ್ರ ಹೋಗುವುದರಿಂದ ಕೆಲವು ನಿಮಿಷ ಸಾಕು.

ಇದಕ್ಕೆಲ್ಲ ಯೋಗ್ಯವಾದ ಯಂತ್ರ ಯಾವುದು, ಬಿಟ್ಟುಬಿಡಬೇಕಾದದ್ದು ಯಾವುದು ಎಂದು ಹೇಳದಿದ್ದರೆ ವಾದ ಅರ್ಧವಾಗುತ್ತದೆ. ಪ್ರೊಸೆಸರ್ 2011 ಅಥವಾ ಈಚಿನದು, ರ‍್ಯಾಮ್ 8 ಜಿಬಿ ಇದೆ ಅಥವಾ ಅಷ್ಟಕ್ಕೆ ಏರಿಸಬಹುದು, ಪರದೆ ಮತ್ತು ಹಿಂಜ್ ಗಟ್ಟಿಯಾಗಿವೆ ಎಂದಾದರೆ ಖರ್ಚು ಮಾಡಬಹುದು. 2 ಜಿಬಿ ರ‍್ಯಾಮಿನ, ತೆರೆದರೆ ಕಿರುಗುಟ್ಟುವ, ಬ್ಯಾಟರಿ ಉಬ್ಬಿದ ಯಂತ್ರಕ್ಕೆ ಎಷ್ಟು ಡಿಸ್ಕ್ ಹಾಕಿದರೂ ಪ್ರಯೋಜನವಿಲ್ಲ. ಡಿಸ್ಕನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಕೊಡದೆ ಇ-ತ್ಯಾಜ್ಯ ಸಂಸ್ಕರಣೆಗೆ ಅನುಮತಿ ಪಡೆದವರಿಗೆ ಕೊಡಬೇಕು. ಯಶವಂತಪುರದಿಂದ ಹೊರಟ ತುಮಕೂರು ರಸ್ತೆಯಲ್ಲೇ ಮುಂದೆ ಸಾಗಿದರೆ ಸಿಗುವ ದಾಬಸ್‌ಪೇಟೆಯಲ್ಲಿ, ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕವೆನಿಸಿದ ಇ-ಪರಿಸರ 2005ರಿಂದ ಇದೆ. ಯೋಗ್ಯವಾದ ಯಂತ್ರವಿದ್ದು ಹಣ ಒಂದಕ್ಕೆ ಮಾತ್ರ ಇದ್ದರೆ, ಈ ತಿಂಗಳು ಎಸ್‌ಎಸ್‌ಡಿ ಕೊಂಡು ಮುಖ್ಯ ಗೂಡಿಗೆ ಹಾಕಿ. ಹಳೇ ಡಿಸ್ಕ್ ಒಂದು ತಿಂಗಳು ಮೇಜಿನ ಡ್ರಾಯರಿನಲ್ಲಿ, ಕಡತಗಳೆಲ್ಲ ಹಾಗೇ ಇರುವಂತೆ, ಅಳಿಸದೆ ಇರಲಿ. ಕ್ಯಾಡಿ ಮುಂದಿನ ತಿಂಗಳು ಕೊಂಡರೂ ನಡೆಯುತ್ತದೆ. ಅಂಗಡಿಯಲ್ಲೇ ಹಾಕಿಸುವುದಾದರೆ, ಬಿಚ್ಚಿದ ಡಿವಿಡಿ ಡ್ರೈವನ್ನು ಕೇಳಿ ಮರಳಿ ಪಡೆಯಿರಿ.